ಅಮಾಸಿ ದಾಟಲಿ ಎಂದಿದ್ದಳು ಅಕ್ಕ

ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳು. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ಮೊಮ್ಮಗನ ಮಗಳು ಒಂದು ಹೊಸ ನೋಟುಬುಕ್ಕು ತೆಗೆದಳು. ರೋಗದ ಕಾಲದಲ್ಲಿ ಮನಸ್ಸು ಕುಗ್ಗಬಾರದು, ದಿನಕ್ಕೊಂದು ಒಳ್ಳೆಯ ಸಂಗತಿ ಬರೆಯಿರಿ ಎಂದು ಅವಳ ಟೀಚರು ಫೋನಿನಲ್ಲಿ ಹೇಳಿದ್ದರಂತೆ. "ಅಮ್ಮಾ, ಇವತ್ತ ನಿಂದೇನ್ ಛಲೋ ಆತು ಹೇಳು, ಬರಕೋತೇನಿ" ಎಂದು ಪೆನ್ನು ಹಿಡಿದು ನನ್ನ ಮುಂದೆ ಕೂತಳು. ನಾನು ಆ ನೋಟುಬುಕ್ಕು ಕಸಿದು ಮಂಚದ ಕೆಳಗೆ ಒಗೆದೆ. "ಎದ್ದು ಹೋಗ್, ನನ್ನ ತಲಿ ತಿನ್ನಬ್ಯಾಡ" ಅಂದೆ. ಕೂಸು ಅಳುತ್ತಾ ಹೋಯಿತು. ಮೊಮ್ಮಗನ ಹೆಂಡತಿ ನನ್ನ ಮುಖ ನೋಡಿ, ಕೂಸಿನ ಹಿಂದೆ ಹೋದಳು.

ನಾನು ಸಿಟ್ಟಿನ ಹೆಂಗಸು. ಅದನ್ನೇನೂ ಮುಚ್ಚಿಡುವುದಿಲ್ಲ, ಮುಚ್ಚಿಟ್ಟರೆ ನಂಬುವವರೂ ಇಲ್ಲ. ಆದರೆ ಆ ದಿನದ ಸಿಟ್ಟು ಕೂಸಿನ ಮೇಲಿನದಲ್ಲ. ಅದೇ ಪ್ರಶ್ನೆಯನ್ನು ಇನ್ನೊಂದು ರೋಗದ ಕಾಲದಲ್ಲಿ ನನ್ನ ಆಯಿ, ಅಂದರೆ ಅಪ್ಪನ ತಾಯಿ, ನಮಗೆಲ್ಲ ದಿನಾ ಕೇಳುತ್ತಿದ್ದಳು. ನಾನು ದಿನಾ ಉತ್ತರ ಕೊಡುತ್ತಿದ್ದೆ. ಆ ಉತ್ತರಗಳ ಹಿಂದೆ ಏನಿತ್ತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ, ಕೇಳಿ ಬೈಯುವವರು ಬೈಯಲಿ.

ಆಗ ನಮ್ಮದು ನಿಜಾಮರ ರಾಜ್ಯ. ಹಿಂದೂಸ್ತಾನದ ದಂಡು ನಿಜಾಮರ ಮೇಲೆ ಬಂದ ಪೊಲೀಸ್ ಆಕ್ಷನ್ನಿಗೆ ಇನ್ನೂ ಎರಡು ಚಳಿಗಾಲ ಬಾಕಿ ಇತ್ತು. ನಾವು ಭಾಲ್ಕಿಯಲ್ಲಿದ್ದೆವು. ಅಪ್ಪನದು ಬಟ್ಟೆಯ ಸಣ್ಣ ಅಂಗಡಿ, ಊರ ಹೊರಗೆ ಒಂದು ತುಂಡು ಜೋಳದ ಹೊಲ. ಮನೆಯಲ್ಲಿ ಆಯಿ, ಅಪ್ಪ, ಅವ್ವ, ಅಕ್ಕ, ನಾನು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕೋ ಹದಿನೈದೋ.

ದೀಪಾವಳಿ ಮುಗಿದ ಮೇಲೆ ಕಾಳಿನ ಅಂಗಡಿಗಳ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿದ್ದವು ಅಂದರೆ ಸಾಕು, ಮುಂದಿನದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಪಿಲೇಗು ಬಂತು, ಊರು ಬಿಡಬೇಕು. ಡಂಗುರದವನು ಸಾರಿಕೊಂಡು ಹೋಗುವಷ್ಟರಲ್ಲಿ ಆಯಿ ಹಿಟ್ಟಿನ ಡಬ್ಬಿ, ಹಂಚು, ಕೌದಿಗಳನ್ನು ಗಂಟು ಕಟ್ಟಿಸಿಯಾಗಿತ್ತು. ಅವಳು ತನ್ನ ಕಾಲದಲ್ಲಿ ಹೀಗೆ ಮೂರು ಸಲ ಊರು ಬಿಟ್ಟವಳು. ಹೊಲದಲ್ಲಿ ಹಿಂದಿನ ವರ್ಷದ ಜೋಳದ ಕಣಿಕೆ, ತೊಗರಿ ಕಟ್ಟಿಗೆ ಹಾಕಿ ಗುಡಿಸಲು ಎಬ್ಬಿಸಿದೆವು. ಅಕ್ಕಪಕ್ಕದ ಹೊಲಗಳಲ್ಲೂ ಹಾಗೆಯೇ ಗುಡಿಸಲುಗಳೆದ್ದವು. ಹದಿನೈದು ದಿನದಲ್ಲಿ ಅಲ್ಲೇ ಒಂದು ಊರಾಯಿತು.

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಲಾರೆ: ನನಗೆ ಅಲ್ಲಿ ಬಹಳ ಖುಷಿಯಾಗಿತ್ತು. ಶಾಲೆ ಇಲ್ಲ, ಉರ್ದು ಪಾಠ ಒಪ್ಪಿಸುವುದಿಲ್ಲ. ಎದ್ದ ಕೂಡಲೆ ಎದುರಿಗೆ ತೆನೆ ಬಿಟ್ಟ ಜೋಳ. ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುವುದು, ಕಡಲೆ ಗಿಡ ಕಿತ್ತು ಹಸಿಗಾಯಿ ಸುಲಿಯುವುದು. ಪಕ್ಕದ ಗುಡಿಸಲಿನಲ್ಲಿ ಹತ್ತಿ ಹಿಂಜುವ ಪಿಂಜಾರರ ಮನೆಯವರಿದ್ದರು, ಮುಸಲ್ಮಾನರು. ಆ ಮನೆಯ ಹೆಂಗಸನ್ನು ನಾನು ಅವರ ಮಾತಿನಲ್ಲೇ ಖಾಲಾ, ಚಿಕ್ಕವ್ವ, ಅನ್ನುತ್ತಿದ್ದೆ. ಊರಲ್ಲಿ ಅವರ ಓಣಿ ಬೇರೆ, ನಮ್ಮದು ಬೇರೆ. ಇಲ್ಲಿ ನಡುವೆ ಒಂದು ಬದು ಮಾತ್ರ. ಆಯಿ ಅವಳ ಕೈಯ ನೀರು ಕುಡಿಯುತ್ತಿರಲಿಲ್ಲ, ಆದರೆ ಬೆಳಗಾದರೆ ಅವಳ ಒಲೆಯ ಕೆಂಡ ಇಸಿದುಕೊಳ್ಳುತ್ತಿದ್ದಳು. "ಬೆಂಕಿಗ್ಯಾವ ಜಾತಿ?" ಎಂದು ತಾನೇ ಕೇಳಿಕೊಂಡು ತಾನೇ ನಗುತ್ತಿದ್ದಳು. ನೀರಿಗ್ಯಾವ ಜಾತಿ ಎಂದು ಯಾರೂ ಅವಳಿಗೆ ತಿರುಗಿ ಕೇಳಲಿಲ್ಲ.

ದೊಡ್ಡವರಿಗೆ ಮಾತ್ರ ಸುಖವಿರಲಿಲ್ಲ. ದಿನಾ ಒಂದು ಸಾವಿನ ಸುದ್ದಿ. ನಮ್ಮ ಓಣಿಯ ಸೂಲಗಿತ್ತಿ ಹೋದಳು, ಅಪ್ಪನ ಜೊತೆ ಸಂತೆಗೆ ಹೋಗುತ್ತಿದ್ದ ಗೆಳೆಯ ಹೋದ. ಊಟಕ್ಕೆ ಕೂತರೂ ಅದೇ ಮಾತು. ಅವ್ವ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಹಾಗೇ ಕೂತುಬಿಡುತ್ತಿದ್ದಳು, ಎಂಟು ದಿನದಲ್ಲಿ ಬಡವಾಗಿ ಕಡ್ಡಿಯಾದಳು. ಒಂದು ಸಂಜೆ ಆಯಿ ರೊಟ್ಟಿಯ ಬುಟ್ಟಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಇವತ್ತಿನಿಂದ ಸತ್ತವರ ಮಾತ, ಜ್ವರದ ಮಾತ ಊಟದ ಮುಂದ ಬ್ಯಾಡ. ಒಬ್ಬೊಬ್ಬರು ಒಂದೊಂದು ಛಲೋ ಮಾತ ಹೇಳ್ರಿ, ರೊಟ್ಟಿ ತಗೋರಿ. ಹೇಳ್ಲಿಲ್ಲಂದ್ರ ರೊಟ್ಟಿ ಇಲ್ಲ."

ಅಪ್ಪ ನಕ್ಕ. "ಎವ್ವಾ, ನಾ ಏನ್ ಸಣ್ಣ ಹುಡುಗೇನ?"

"ನನಗ ನೀ ಸಣ್ಣಾವನೇ. ಹೇಳು."

ಅಪ್ಪ ತಲೆ ಕೆರೆದುಕೊಂಡು, ಎತ್ತು ಇವತ್ತು ಮೇವು ಚೆನ್ನಾಗಿ ತಿಂದಿತು ಅಂದ. ಅವ್ವ, ಹಾಲು ಕೆಡಲಿಲ್ಲ ಅಂದಳು. ನಾನು ಗಾಬರಿಯಲ್ಲಿ ನವಿಲು ನೋಡಿದೆ ಅಂದೆ. ಆಯಿ ನನ್ನ ಮುಖವನ್ನೇ ನೋಡಿ ಅರ್ಧ ರೊಟ್ಟಿ ಕೊಟ್ಟಳು. "ಸುಳ್ಳಿಗಿ ಇಷ್ಟೇ" ಅಂದಳು. ಅಕ್ಕ ಬಿದ್ದು ಬಿದ್ದು ನಕ್ಕಳು. ಅಷ್ಟು ದಿನದ ಮೇಲೆ ಅವ್ವನೂ ನಕ್ಕಳು, ಎರಡು ರೊಟ್ಟಿ ತಿಂದಳು. ಆಯಿಯ ಕಟ್ಟಳೆ ಅಂದಿನಿಂದ ನಿಂತಿತು. ಹಗಲೆಲ್ಲ ನಾವು ಸಂಜೆಗೆ ಹೇಳಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಾ ತಿರುಗುತ್ತಿದ್ದೆವು. ಮುಳ್ಳಿನಲ್ಲಿ ಹಣ್ಣಾದ ಒಂದೇ ಬಾರಿಹಣ್ಣು, ಅಂದರೆ ಎಲಚಿ, ಕಂಡರೂ ಅಪ್ಪ ಅದನ್ನು ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದ. ಕಟ್ಟಳೆ ಕೆಟ್ಟದ್ದಲ್ಲ. ಅದು ಅವ್ವನ ಜೀವ ಉಳಿಸಿತು, ಇದನ್ನು ನಾನು ಯಾರ ಮುಂದೆಯಾದರೂ ಹೇಳುತ್ತೇನೆ.

ಅಕ್ಕನ ಮಾತಿಗೆ ಎಲ್ಲರೂ ಕಾಯುತ್ತಿದ್ದೆವು. ಅವಳು ಬರೀ ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದಳು. ಟೀಕಾ ಸೂಜಿ ಚುಚ್ಚಲು ಬಂದವನನ್ನು ಕಂಡು ಪಟೇಲರು ಧೋತರ ಎತ್ತಿಕೊಂಡು ಜೋಳದೊಳಗೆ ಓಡಿದ್ದನ್ನು ಅವಳು ಮಾಡಿ ತೋರಿಸಿದ ದಿನ ಬದುವಿನ ಆಚೆಯಿಂದ ಖಾಲಾ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅಕ್ಕನ ಮದುವೆ ಗೊತ್ತಾಗಿತ್ತು. ಔರಾದ ಕಡೆಯ ಡಾಬಕಾದಲ್ಲಿ ಹೊಲ-ಮನೆ ಇದ್ದವರು. ಹುಡುಗನನ್ನು ಅವಳು ಸಂತೆಯಲ್ಲಿ ಒಮ್ಮೆ ದೂರದಿಂದ ನೋಡಿದ್ದಳು, ಒಪ್ಪಿದ್ದಳು. ಒಪ್ಪಿದ್ದಳು ಅಂದರೆ ಸಾಲದು, ಅವಳ ಜೀವವೆಲ್ಲ ಅಲ್ಲಿತ್ತು. ರೊಟ್ಟಿ ಬಡಿಯುವಾಗ "ಡಾಬಕಾದವರ ರೊಟ್ಟಿ ದಪ್ಪಂತ, ನಾ ಹೋಗಿ ಕಲಿಸ್ತೇನಿ" ಅನ್ನುತ್ತಿದ್ದಳು. "ಊರಿಗಿ ಬಂದಾಕಿ ನೀರಿಗಿ ಬರದೇ ಇರ್ತಾಳ್ಯಾ, ಹೋಗೀಯಂತ, ಅವಸರ ಯಾಕ?" ಎಂದು ಆಯಿ ಚೇಷ್ಟೆ ಮಾಡುತ್ತಿದ್ದಳು.

ಎಳ್ಳಮಾಸಿ ಬಂತು. ನಮ್ಮ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಊರಲ್ಲಿ ಒಲೆ ಹೊತ್ತುವುದಿಲ್ಲ, ಎಲ್ಲರೂ ಹೊಲಕ್ಕೆ ಹೋಗಿ ಭೂಮಿಗೆ ಎಡೆ ಕೊಟ್ಟು ಅಲ್ಲೇ ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಹಸಿ ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ. ಬೀಗರನ್ನು ಕರೆಯಲೇಬೇಕು, ಕರೆದರೆ ಅವರು ಬರಲೇಬೇಕು. ಬರದಿದ್ದರೆ ಸಂಬಂಧ ಬೇಡವೆಂದ ಹಾಗೆ. ಪಿಲೇಗಿನ ಕಾಲ, ಈ ವರ್ಷ ಬೇಡ ಎಂದು ಅಪ್ಪನಿಗೆ ಅನ್ನಿಸಿತ್ತು. ಆದರೆ ಡಾಬಕಾದವರೇ ಹೇಳಿ ಕಳಿಸಿದರು: "ನೀವು ಹೊಲದಾಗೇ ಇದ್ದೀರಿ, ಹೊಲದಾಗ ಬ್ಯಾನಿ ಇಲ್ಲ. ನಾವು ಬರ್ತೇವಿ."

ಹೊಲದಲ್ಲಿ ಬೇನೆ ಇಲ್ಲವೆಂಬುದು ಪೂರ್ತಿ ನಿಜವಲ್ಲ. ಹಳ್ಳದ ಆಚೆ ಎರಡು ಗುಡಿಸಲು ಬೇರೆಯಾಗಿದ್ದವು. ಯಾರಿಗಾದರೂ ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಎದ್ದಿತೆಂದರೆ ಅವರನ್ನು ಹಿರಿಯರು ಅಲ್ಲಿಗೆ ಸಾಗಿಸುತ್ತಿದ್ದರು. ಬೀದರಿನಿಂದ ವಾರಕ್ಕೊಮ್ಮೆ ಟಾಂಗಾದಲ್ಲಿ ಬರುತ್ತಿದ್ದ ಡಾಕ್ಟರ ಸಾಹೇಬರು ಅವರಿಗೆ ಬಿಳಿ ಗುಳಿಗೆ ಕೊಡುತ್ತಿದ್ದರು. ಹೋದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಆದರೆ ಗುಳಿಗೆ ತಿಂದು ಎದ್ದು ಬಂದವರೂ ಇದ್ದರು. ಒಬ್ಬ ಕುಂಬಾರ ಹೆಣ್ಣುಮಗಳು ತನ್ನ ಕಾಲ ಮೇಲೆ ತಾನೇ ನಡೆದು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅದೇ ನನ್ನನ್ನು ಇವತ್ತಿಗೂ ಕೊಲ್ಲುತ್ತದೆ.

ಅಮಾಸಿಗೆ ಎರಡು ದಿನ ಮುಂಚೆ, ನಸುಕಿನಲ್ಲಿ, ಒಂದೇ ಕೌದಿಯೊಳಗೆ ಮಲಗಿದ್ದ ಅಕ್ಕನ ಮೈ ನನಗೆ ಸುಟ್ಟಂತಾಯಿತು. ಏನು ಎಂದು ಕೇಳಿದೆ. ಅವಳು ನನ್ನ ಬಾಯಿ ಮುಚ್ಚಿದಳು. ಬೆಳಗಾದ ಮೇಲೆ ಬಾವಿಯ ಹಿಂದೆ ಸ್ನಾನಕ್ಕೆ ಹೋದಾಗ ತಾನೇ ತೋರಿಸಿದಳು. ತೊಡೆಯ ಸಂದಿಯಲ್ಲಿ ಬಾರಿಹಣ್ಣಿನಷ್ಟು ಗಂಟು.

"ಅವ್ವಗ ಹೇಳ್ತೇನಿ" ಅಂದೆ.

"ಹೇಳಬ್ಯಾಡ. ಹೇಳಿದಿ ಅಂದ್ರ ನನ್ನ ಹಳ್ಳದಾಚಿಗಿ ಒಯ್ತಾರ. ಡಾಬಕಾದವರು ಬಂದು ಕೇಳಿದ್ರ? ಗಂಟೆದ್ದ ಹೆಣ್ಣ ಯಾರ ಮಾಡ್ಕೋತಾರ? ಅಮಾಸಿ ಒಂದ್ ದಾಟ್ಲಿ. ಅವರು ಉಂಡು ಹೋಗ್ಲಿ. ನಾನೇ ಹೇಳ್ತೇನಿ."

ನಾನು ಒಪ್ಪಲಿಲ್ಲ. ಆಗ ಅವಳು ನನ್ನ ಕೊರಳಲ್ಲಿದ್ದ ಲಿಂಗವನ್ನು ನನ್ನ ಅಂಗೈಯಲ್ಲೇ ಇರಿಸಿ, ಮೇಲೆ ತನ್ನ ಕೈ ಮುಚ್ಚಿದಳು. ಆ ಕೈ ಕೆಂಡದ ಹಾಗೆ ಸುಡುತ್ತಿತ್ತು. "ಲಿಂಗದಾಣಿ ಮಾಡು." ಮಾಡಿದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸಿದ್ದೇ ಅದು: ಅಂಗೈಯಲ್ಲಿ ಲಿಂಗವಿದ್ದಾಗ ಆಡಿದ ಮಾತು ಮುರಿಯಬಾರದು. ಪ್ರಾಣ ಹೋದರೂ ಮುರಿಯಬಾರದು ಎಂದು ಹೇಳಿಕೊಟ್ಟಿದ್ದರು. ಯಾರ ಪ್ರಾಣ ಎಂದು ಹೇಳಿಕೊಟ್ಟಿರಲಿಲ್ಲ.

ಆ ಸಂಜೆ ಬುಟ್ಟಿ ಎಂದಿನಂತೆ ಆಯಿಯ ತೊಡೆಯ ಮೇಲಿತ್ತು. ಅಕ್ಕ ಒಲೆಯ ಪಕ್ಕ ಕಣಿಕೆಯ ತಟ್ಟಿಗೆ ಒರಗಿ ಕೂತಿದ್ದಳು. ಅವಳ ಸರದಿ ಬಂದಾಗ, ಇವತ್ತು ರೊಟ್ಟಿ ಒಂದೂ ಹರಿಯಲಿಲ್ಲ ಅಂದಳು. ಮಾಡಿ ತೋರಿಸಲಿಲ್ಲ. ಆಯಿ, "ಯಾಕವಾ, ಇವತ್ತ ಇಷ್ಟಕ್ಕೇ ಮುಗಸ್ದಿ?" ಅಂದಳು. ಕಾಲಲ್ಲಿ ಮುಳ್ಳು ಮುರಿದಿದೆ ಎಂದಳು ಅಕ್ಕ. ಅದೇ ಕಾರಣಕ್ಕೆ ಕುಂಟುತ್ತೇನೆ ಎಂದೂ ಸೇರಿಸಿದಳು. ನನ್ನ ಸರದಿ ಬಂತು. ಹೇಳಿಬಿಡಬೇಕೆನಿಸಿತು. ಜ್ವರದ ಮಾತು ಊಟದ ಮುಂದೆ ಬೇಡ ಎಂಬ ಕಟ್ಟಳೆ ಇತ್ತಲ್ಲ, ಅದನ್ನು ನೆನಪಿಸಿಕೊಂಡು ನನಗೆ ಹಾಯೆನಿಸಿತು. ಗುಬ್ಬಿಯ ಗೂಡಿನಲ್ಲಿ ಮೂರು ತತ್ತಿ ಇವೆ ಅಂದೆ. ಪೂರ್ತಿ ರೊಟ್ಟಿ ಸಿಕ್ಕಿತು.

ಮರುದಿನ ಡಾಕ್ಟರ ಸಾಹೇಬರು ಬಂದರು. ಎಲ್ಲ ಗುಡಿಸಲುಗಳ ಮುಂದೆ ನಿಂತು ಕೇಳಿಕೊಂಡು ಬಂದರು. ನಮ್ಮ ಮುಂದೆಯೂ ನಿಂತರು. ಅಕ್ಕ ಬಾವಿಯ ಕಡೆ ಹೋಗಿದ್ದಳು, ಬೇಕೆಂದೇ ಹೋಗಿದ್ದಳು. ಅಪ್ಪ ಅಂಗಡಿಯ ಬೀಗ ನೋಡಿ ಬರಲು ಹೋಗಿದ್ದ. "ಕಿಸೀಕೋ ಬುಖಾರ್ ಹೈ ಕ್ಯಾ?" ಯಾರಿಗಾದರೂ ಜ್ವರವಿದೆಯೇ ಎಂದರು ಸಾಹೇಬರು. ಅವ್ವ ಸೆರಗು ಎಳೆದುಕೊಂಡು ತಲೆ ಅಲ್ಲಾಡಿಸಿದಳು. ಅವರು ಬಗ್ಗಿ ನನ್ನನ್ನು ಕೇಳಿದರು, ನನಗೆ ಉರ್ದು ಬರುತ್ತದೆಂದು ಅವರಿಗೆ ಗೊತ್ತಿತ್ತು. ಬಿಳಿ ಗುಳಿಗೆಯ ಸೀಸೆ ಅವರ ಚೀಲದಲ್ಲಿ ಕಾಣುತ್ತಿತ್ತು. ನಾನು ಕೊರಳ ಲಿಂಗವನ್ನು ಬಟ್ಟೆಯ ಮೇಲಿಂದಲೇ ಹಿಡಿದುಕೊಂಡು, "ನಹೀಂ ಸಾಬ್" ಅಂದೆ. ಅವರು ನನ್ನ ಕೆನ್ನೆ ತಟ್ಟಿ ಮುಂದಿನ ಗುಡಿಸಲಿಗೆ ಹೋದರು.

ಅಮಾಸಿಯ ದಿನ ಡಾಬಕಾದವರು ಎರಡು ಬಂಡಿಯಲ್ಲಿ ಬಂದರು. ಅಪ್ಪ ಐದು ಕಲ್ಲಿಗೆ ಸುಣ್ಣ ಹಚ್ಚಿ, ಅವಕ್ಕೆ ಕಣಿಕೆಯ ಪುಟ್ಟ ಕೊಂಪೆ ಕಟ್ಟಿ ಪೂಜೆ ಮಾಡಿದ. ಭಜ್ಜಿಯ ವಾಸನೆ ಹಳ್ಳದ ತನಕ ಹೋಗಿತ್ತು. ಅಕ್ಕ ಹಸಿರು ಇಳಕಲ್ಲು ಸೀರೆ ಉಟ್ಟು, ಕುಂಟದೆ, ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ನೀಡಿದಳು. ಆ ಗಂಟಿನ ಮೇಲೆ ಹೇಗೆ ಬಗ್ಗಿದಳೋ ಶಿವನೇ ಬಲ್ಲ. ಕೆನ್ನೆ ಕೆಂಪೇರಿ ಹೊಳೆಯುತ್ತಿದ್ದವು. "ಹುಡುಗಿ ಮಾರಿ ಮ್ಯಾಲ ಏನ್ ಕಳಾ ಅದರೀ!" ಎಂದಳು ಬೀಗಿತ್ತಿ. ಅದು ಜ್ವರದ ಕಳೆ ಎಂದು ಗೊತ್ತಿದ್ದವರು ಆ ಪಂಕ್ತಿಯಲ್ಲಿ ಇಬ್ಬರೇ. ಒಬ್ಬಳು ನೀಡುತ್ತಿದ್ದಳು, ಒಬ್ಬಳು ತಿನ್ನುತ್ತಿದ್ದಳು. ಊಟ ಮುಗಿಸಿ ಬೀಗರು ಫಾಲ್ಗುಣದಲ್ಲಿ ಅಕ್ಷತೆ ಹಾಕೋಣ ಎಂದು ಹೇಳಿ ಹೊರಟರು.

ಬಂಡಿಗಳು ಹಳ್ಳ ದಾಟಿ ಮರೆಯಾದವು. ಅಕ್ಕ ನನ್ನ ಕಡೆ ನೋಡಿ, "ದಾಟ್ತಲ್ಲ" ಎಂದು ನಕ್ಕಳು. ಒಲೆಯ ಹತ್ತಿರ ಹೋಗಿ ಕೂಡಲು ಬಗ್ಗಿದವಳು ಅಲ್ಲೇ ಬಿದ್ದಳು.

ಆಮೇಲೆ ಅವಳಿಗೆ ನೆಟ್ಟಗೆ ಎಚ್ಚರವಾಗಲಿಲ್ಲ. ಅಪ್ಪ ಬಂಡಿ ಕಟ್ಟಿಕೊಂಡು ಬೀದರಿಗೆ ಡಾಕ್ಟರರನ್ನು ಕರೆಯಲು ಹೋದ. ಆಯಿ ಅವಳನ್ನು ಹಳ್ಳದಾಚೆಗೆ ಒಯ್ಯಲು ಬಿಡಲಿಲ್ಲ. ಒಯ್ಯಲು ಬಂದ ಹಿರಿಯರ ಮುಂದೆ ಒನಕೆ ಹಿಡಿದು ನಿಂತಳು. ಬದುವಿನ ಆಚೆಯವರೆಲ್ಲ ದೂರ ಸರಿದರು, ಖಾಲಾ ಒಬ್ಬಳು ಮಾತ್ರ ನೀರಿನ ಕೊಡ ತಂದು ಬದುವಿನ ಮೇಲೆ ಇಟ್ಟು ಹೋಗುತ್ತಿದ್ದಳು. ಆ ಎರಡು ದಿನ ಆಯಿ ಆ ನೀರನ್ನೇ ಕುಡಿದಳು. ಡಾಕ್ಟರರು ಬರುವ ಹೊತ್ತಿಗೆ ಅಕ್ಕ ಹೋಗಿದ್ದಳು. ಸಾಹೇಬರು ಚೀಲ ಬಿಚ್ಚಲೇ ಇಲ್ಲ. "ಮೂರು ದಿನ ಮೊದಲು ಹೇಳಿದ್ದರೆ ಪ್ರಯತ್ನ ಮಾಡಬಹುದಿತ್ತು" ಎಂದು ಉರ್ದುವಿನಲ್ಲಿ ಅಪ್ಪನಿಗೆ ಹೇಳಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅವರು ನೋಡಿದರು. ಗುರುತು ಹಿಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ಹೊಲದಲ್ಲೇ ಕುಣಿ ತೋಡಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹಸಿರು ಸೀರೆಯಲ್ಲೇ ಅವಳನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದರು. ಸೀರೆಯ ಸೆರಗಿಗೆ ಭಜ್ಜಿಯ ಕಲೆ ಹಾಗೇ ಇತ್ತು.

ಮರುದಿನ ಸಂಜೆ ಆಯಿ ರೊಟ್ಟಿಯ ಬುಟ್ಟಿ ತಂದು ನಡುವೆ ಇಟ್ಟಳು. ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಒಮ್ಮೆಲೇ ಎದೆ ಎದೆ ಬಡಿದುಕೊಂಡು ಅತ್ತಳು. "ನಾನೇ ಕೊಂದೆ. ಜ್ವರದ ಮಾತ ಬ್ಯಾಡ ಅಂದೆ, ಛಲೋ ಮಾತ ಹೇಳ್ರಿ ಅಂದೆ. ನನ್ನ ಕೂಸು ನನ್ನ ಮಾತ ಕೇಳಿ ಬಾಯಿ ಮುಚ್ಚಿಕೊಂಡು ಸತ್ತಿತು. ನನ್ನ ಬಾಯಿಗಿ ಬೆಂಕಿ ಹಚ್ಚಲಿ!" ಅವ್ವ ಅವಳನ್ನು ಹಿಡಿದುಕೊಂಡಳು. ಅಪ್ಪ ಹೊರಗೆ ಎದ್ದು ಹೋದ. ಹಾಗಲ್ಲ ಆಯಿ, ಅವಳು ಮುಚ್ಚಿಟ್ಟಿದ್ದು ನಿನ್ನ ಕಟ್ಟಳೆಗಲ್ಲ, ಡಾಬಕಾದವರಿಗಾಗಿ. ನನಗೆ ಗೊತ್ತಿತ್ತು, ನಾನು ಆಣೆ ಮಾಡಿದ್ದೆ. ಇಷ್ಟೇ ಹೇಳಬೇಕಾಗಿದ್ದದ್ದು. ಆಣೆ ಮಾಡಿಸಿದವಳು ಸತ್ತ ಮೇಲೆ ಆಣೆಯೂ ಸತ್ತಂತೆ, ಅಷ್ಟು ಬುದ್ಧಿ ಒಂಬತ್ತು ವರ್ಷದವಳಿಗೂ ಇರುತ್ತದೆ. ನನ್ನನ್ನು ಹಿಡಿದದ್ದು ಆಣೆಯಲ್ಲ, ಹೆದರಿಕೆ. ಅವ್ವ ನನ್ನ ಮುಖ ನೋಡುವುದನ್ನು ಬಿಟ್ಟಾಳು ಎಂಬ ಹೆದರಿಕೆ. ಸುಮ್ಮನೆ ರೊಟ್ಟಿ ತಿಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ.

ಬೇಸಿಗೆಗೆ ರೋಗ ಇಳಿಯಿತು, ಮನೆಗೆ ಮರಳಿದೆವು. ಆಯಿ ಮಾತು ಕಡಿಮೆ ಮಾಡಿದಳು. ಮುಂದೆ ಪೊಲೀಸ್ ಆಕ್ಷನ್ ಆಯಿತು. ಅದರ ಹಿಂದಿನ ವರ್ಷ ನಮಗೆ ನಿಜಾಮರ ಕಡೆಯವರ ಭಯ, ಆಮೇಲಿನ ವಾರಗಳಲ್ಲಿ ಮುಸಲ್ಮಾನರಿಗೆ ಸೇಡಿನ ಭಯ. ಯಾರೋ ಮಾಡಿದ ಪಾಪ ಯಾರದೋ ತಲೆಗೆ ಬಂತು. ಖಾಲಾಳ ಗಂಡ ಹಿಂಜುವ ಬಿಲ್ಲು ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಅವಳು ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಆಯಿ ಅವಳನ್ನು ಒಳಕೋಣೆಯಲ್ಲಿ ಕೂಡಿಸಿ, ತಾನು ತಲೆಬಾಗಿಲ ಹೊಸ್ತಿಲ ಮೇಲೆ ಕೂತಳು. ಅವಳನ್ನು ಹುಡುಕಿಕೊಂಡು ಬಂದವರಿಗೆ, "ಒಳಗ ನನ್ನ ಮಕ್ಕಳದಾರ. ನನ್ನ ದಾಟಿ ಹೋಗವ್ರು ಯಾರು, ಬರ್ರಿ" ಎಂದಳು. ಯಾರೂ ದಾಟಲಿಲ್ಲ. ಅವರು ಹೋದ ಮೇಲೆ ಅವ್ವನಿಗೆ ಮೆಲ್ಲಗೆ ಹೇಳಿದಳು: "ನನ್ನ ಬಾಯಿಂದ ಒಂದ್ ಹೆಣ್ಣಮಗಳು ಹೋದಳು. ಇಕಿ ಒಬ್ಬಾಕಿ ಉಳೀಲಿ." ನಾನು ಖಾಲಾಳಿಗೆ ನೀರು ಒಯ್ಯುತ್ತಿದ್ದೆ. ಕೇಳಿಸಿಕೊಂಡೆ. ನೀರು ಕೊಟ್ಟು ಬಂದೆ.

ನನ್ನ ಮದುವೆ ಔರಾದಿಗೆ ಆಯಿತು, ಹದಿನಾರರಲ್ಲಿ. ಮರುವರ್ಷ ಆಯಿ ಹಾಸಿಗೆ ಹಿಡಿದಳೆಂದು ಹೇಳಿ ಕಳಿಸಿದರು, ಭಾಲ್ಕಿಗೆ ಬಂದೆ. ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ. ನಾನು ಅವಳ ಕಾಲು ಒತ್ತುತ್ತಿದ್ದೆ. ಕಣ್ಣು ಮುಚ್ಚಿಕೊಂಡಿದ್ದವಳು ಒಮ್ಮೆಲೇ ಕಣ್ಣು ತೆರೆದು ನನ್ನ ಕೈ ಹಿಡಿದಳು.

"ಒಂದ್ ಮಾತ ಕೇಳ್ತೇನಿ, ಖರೇ ಹೇಳು. ನೀವಿಬ್ಬರೂ ಒಂದೇ ಕೌದ್ಯಾಗ ಮಲಗ್ತಿದ್ರಿ. ಅಕಿ ನಿನಗರ ಹೇಳಿದ್ದಳೇನ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಅನ್ನಲಿ ಎಂದು ಬೇಡುತ್ತಿದ್ದಳು. ಹೌದು ಅಂದಿದ್ದರೆ ಅಷ್ಟು ವರ್ಷದ ಭಾರ ಅವಳ ಎದೆಯಿಂದ ಇಳಿಯುತ್ತಿತ್ತು. ಇನ್ನು ಬೈಯಲು ಅವಳಲ್ಲಿ ಶಕ್ತಿ ಇರಲಿಲ್ಲ, ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನೂ ಸಣ್ಣವಳಾಗಿರಲಿಲ್ಲ.

"ಇಲ್ಲ ಆಯಿ" ಅಂದೆ.

"ಹಂಗಾದ್ರ ನಂದೇ" ಎಂದು ಅವಳು ಕೈ ಬಿಟ್ಟು ಗೋಡೆಯ ಕಡೆ ತಿರುಗಿಕೊಂಡಳು. ನಾನು ಮರುದಿನ ಔರಾದಿಗೆ ಹೊರಟೆ. ಎಂಟು ದಿನಕ್ಕೆ ಅವಳು ಹೋದ ಸುದ್ದಿ ಬಂತು.